ನಾಲ್ಕು ಪಟ್ಟು, ಯಾವ ಲೆಕ್ಕದಲ್ಲಿ ಮೇಷ್ಟ್ರೇ?

ಪತ್ರ: ಒಂದು ಡಾಲರಿನ ಉತ್ಪನ್ನಕ್ಕೆ ಜರ್ಮನಿ ಬಳಸುವುದಕ್ಕಿಂತ ನಾಲ್ಕು ಪಟ್ಟು ಇಂಧನ ನಾವು ಸುಡುತ್ತೇವಂತೆ. ಇಂಥ ದುಂದುಗಾರ ದೇಶಕ್ಕೆ ಏಳಿಗೆ ಉಂಟೆ? (ನಿವೃತ್ತ ಶಿಕ್ಷಕರು, ಸಕಲೇಶಪುರ)

ಸಂಪಾದಕರ ಉತ್ತರ:

ಮೇಷ್ಟ್ರೇ, ಅಂಕಿ ಹಿಡಿದು ಜಗಳಕ್ಕೆ ಬರುವ ಓದುಗರು ಸಿಗುವುದೇ ಅಪರೂಪ, ಸಂತೋಷ. ಆದರೆ ಉತ್ತರದ ಮುಂದೆ ಮಾನ ಬರೆಯದ ಹುಡುಗನಿಗೆ ಅರ್ಧ ಅಂಕ ಕತ್ತರಿಸುವ ವೃತ್ತಿಯವರು ತಾವು. ಈ ‘ನಾಲ್ಕು ಪಟ್ಟಿ’ನ ಲೆಕ್ಕವನ್ನು ಮಾತ್ರ ಹಾಗೇ ಬಿಟ್ಟುಬಿಟ್ಟಿರಲ್ಲ!

ಮೊದಲು ಡಾಲರು. ನಾಲ್ಕು ಪಟ್ಟು ಬರುವುದು ನಮ್ಮ ಜಿಡಿಪಿಯನ್ನು ವಿನಿಮಯ ದರದಲ್ಲಿ ಭಾಗಿಸಿದಾಗ. 2022ರ ಕೊನೆಗೆ ಅದು ಡಾಲರಿಗೆ 80 ರೂಪಾಯಿಯ ಮೇಲಿತ್ತು. ಅಮೆರಿಕದಲ್ಲಿ ಒಂದು ಡಾಲರಿಗೆ ಬರುವ ಊಟ, ಬಾಡಿಗೆ, ಬಸ್ಸಿನ ಪ್ರಯಾಣ ಇಲ್ಲಿ 20ರಿಂದ 25 ರೂಪಾಯಿಗೇ ಬರುತ್ತದೆ. ಕೊಳ್ಳುವ ಶಕ್ತಿಯ ದರದಲ್ಲಿ, ಅಂದರೆ ಪಿಪಿಪಿಯಲ್ಲಿ ಲೆಕ್ಕ ಹಾಕಿದರೆ ಅಂತರ ಎರಡು ಪಟ್ಟಿಗಿಂತ ಕೆಳಗಿಳಿಯುತ್ತದೆ. ವರ್ಷದಿಂದ ವರ್ಷಕ್ಕೆ ಹೋಲಿಸುವುದಾದರೆ ಸ್ಥಿರ ಬೆಲೆಯೇ, ಅಂದರೆ ಎಲ್ಲ ವರ್ಷಕ್ಕೂ ಒಂದೇ ವರ್ಷದ ಬೆಲೆಯೇ ಆಗಬೇಕು. ಚಾಲ್ತಿ ಬೆಲೆ ಹಿಡಿದರೆ ಹಣದುಬ್ಬರವೇ ಇಂಧನ ಉಳಿತಾಯದ ವೇಷ ಹಾಕಿಕೊಂಡು ಬರುತ್ತದೆ.

ಇನ್ನು ಇಂಧನದ ಪಕ್ಕ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪದ್ಧತಿಯಲ್ಲಿ ಕೈಗಾದ ಒಂದು ಯೂನಿಟ್ ಅಣು ವಿದ್ಯುತ್ತು ಮೂರು ಯೂನಿಟ್ ಮೂಲ ಇಂಧನವೆಂದು ದಾಖಲಾಗುತ್ತದೆ, ಶರಾವತಿಯ ಒಂದು ಯೂನಿಟ್ ಒಂದೇ ಆಗಿ. ಐಸ್‌ಲ್ಯಾಂಡಿನ ಭೂಶಾಖದ ಯೂನಿಟ್ ಹತ್ತಾಗುತ್ತದೆ! ಗಾಳಿಯ ಯೂನಿಟ್ಟೂ ಶರಾವತಿಯದರಂತೆ ಒಂದೇ, ಹಾಗಾಗಿ ಕಲ್ಲಿದ್ದಲು ಬಿಟ್ಟು ಗಾಳಿಯಂತ್ರ ನೆಟ್ಟ ದೇಶ, ಒಬ್ಬನೂ ಒಂದು ದೀಪ ಆರಿಸದಿದ್ದರೂ, ಮಿತವ್ಯಯಿ ಎನಿಸಿಕೊಳ್ಳುತ್ತದೆ. ಹಣ್ಣನ್ನೇ ಒಣಗಿಸಿದ ಕಾಫಿ ಚೆರ್ರಿಯ ಮೂಟೆಯನ್ನೂ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಮೂಟೆಯನ್ನೂ ಔಟ್‌ಟರ್ನ್, ಅಂದರೆ ಕೊನೆಗೆ ಎಷ್ಟು ಬೀಜ ಸಿಗುತ್ತದೆಂದು ನೋಡದೆ ಒಂದೇ ದರಕ್ಕೆ ಕೊಳ್ಳುವ ವ್ಯಾಪಾರಿ ನಮ್ಮಲ್ಲಿ ಒಬ್ಬನಾದರೂ ಇದ್ದಾನೆಯೇ?

ಎಲ್ಲಕ್ಕಿಂತ ದೊಡ್ಡ ಗೋಲ್‌ಮಾಲ್ ಸೌದೆಯದು. 14.2 ಕೆ.ಜಿ. ಸಿಲಿಂಡರಿನಲ್ಲಿ ಸುಮಾರು 650 ಮೆಗಾಜೂಲ್ ಇದೆ. ಗ್ಯಾಸ್ ಒಲೆ ಅದರಲ್ಲಿ ನೂರಕ್ಕೆ 60ರಷ್ಟನ್ನು ಪಾತ್ರೆಗೆ ಮುಟ್ಟಿಸುತ್ತದೆ. ಹಳೇ ಮಣ್ಣಿನ ಒಲೆ ಮುಟ್ಟಿಸುವುದು ನೂರಕ್ಕೆ 12ರ ಆಸುಪಾಸು. ಒಣಸೌದೆಯ ಕೆ.ಜಿ.ಗೆ 16 ಮೆಗಾಜೂಲ್ ಹಿಡಿದರೆ, ಅಷ್ಟೇ ಅಡುಗೆಗೆ 200 ಕೆ.ಜಿ. ಸೌದೆ, ಅಂದರೆ 3,200 ಮೆಗಾಜೂಲ್ ಬೇಕು. ಮಲೆನಾಡಿನ ಮನೆಯೊಂದು ಸೌದೆಯಿಂದ ಗ್ಯಾಸಿಗೆ ಬಂದರೆ ಅದರ ಇಂಧನ ಬಳಕೆ ಐದನೇ ಒಂದು ಪಾಲಿಗೆ ಇಳಿಯಿತು. ಆದರೆ ಮಾರಾಟದ ಇಂಧನವನ್ನು ಮಾತ್ರ ಬರೆಯುವ ಪಟ್ಟಿಯಲ್ಲಿ? ಸೊನ್ನೆಯಿಂದ 650ಕ್ಕೆ ಏರಿತು! ಹೊಗೆಯಿಂದ ಪಾರಾದ ಹೆಂಗಸು ದುಂದುಗಾರ್ತಿ. ಬಚ್ಚಲ ಹಂಡೆಯ ಸೌದೆ, ಅಡಿಕೆ ಬೇಯಿಸುವ ಸೌದೆ, ಯಾವುದೂ ಆ ಪಟ್ಟಿಗೆ ಕಾಣುವುದಿಲ್ಲ. ಹಾಗಾಗಿ ಪಟ್ಟಿ ಕೈಗೆ ಬಂದ ಕೂಡಲೇ ಅಡಿಟಿಪ್ಪಣಿಯಲ್ಲಿ ಸೌದೆಯಂಥ ಜೈವಿಕ ಇಂಧನ ಸೇರಿದೆಯೇ ನೋಡಿ. ‘ಟನ್’ ಎಂದಿದ್ದರೆ ಯಾವುದರ ಟನ್ ಎಂದೂ ನೋಡಿ. ತೈಲಸಮಾನ ಟನ್ನಿಗೆ, ಅಂದರೆ ಒಂದು ಟನ್ ತೈಲದಷ್ಟು ಶಕ್ತಿಗೆ, ಒಂದು ಕೋಟಿ ಕಿಲೋಕ್ಯಾಲರಿ, ಅಷ್ಟಕ್ಕೆ ಕೆ.ಜಿ.ಗೆ 4,000 ಕಿಲೋಕ್ಯಾಲರಿಯ ನಮ್ಮ ಕಲ್ಲಿದ್ದಲಾದರೆ ಎರಡೂವರೆ ಟನ್ ಬೇಕು.

ಕುದುರೆಮುಖವನ್ನೂ ನೆನೆಯಿರಿ. 2005ರ ಕೊನೆಗೆ ಗಣಿ ನಿಲ್ಲುವ ತನಕ ಬೆಟ್ಟ ಅಗೆದು, ಅರೆದು, ಕೊಳವೆಯಲ್ಲಿ ಮಂಗಳೂರಿಗೆ ತಳ್ಳಿದ ಇಂಧನವೆಲ್ಲ ನಮ್ಮ ಖಾತೆಗೆ. ಆ ಅದಿರು ಕೊಂಡ ಹೊರದೇಶದ ಖಾತೆ ಅಷ್ಟರಮಟ್ಟಿಗೆ ಚೊಕ್ಕಟ.

ನಮ್ಮಲ್ಲಿ ಪೋಲಾಗುವುದೇ ಇಲ್ಲ ಎನ್ನುತ್ತಿಲ್ಲ, ಆಗುತ್ತದೆ. ಆದರೆ ಎಷ್ಟು ಎಂದು ಹೇಳುವವರು ಯಾರು? ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಮೀಟರ್ ಇಲ್ಲದ ಕಡೆ ಬಳಕೆ ಬರೀ ಅಂದಾಜು. ಅಂದಾಜು ಏರಿಸಿದರೆ ತಂತಿಯ ಸೋರಿಕೆ ಕಡಿಮೆ ಕಾಣುತ್ತದೆ, ಇಳಿಸಿದರೆ ಸೋರಿಕೆ ಹೆಚ್ಚು. ರೈತನ ತಲೆಗೆ ಕಟ್ಟಬೇಕೋ ತಂತಿಯ ತಲೆಗೋ ಎಂಬುದು ಲೆಕ್ಕ ಬರೆಯುವವನ ಕೈಯಲ್ಲಿ. ಪಂಪ್‌ಸೆಟ್ಟಿಗೆ ಬೇಡವಾದರೆ ಟೀಸಿಗಾದರೂ (ಟ್ರಾನ್ಸ್‌ಫಾರ್ಮರಿಗೆ) ಮೀಟರ್ ಹಾಕಿ, ಫೀಡರಿನ (ಟೀಸಿಗಳಿಗೆ ಕರೆಂಟು ತರುವ ಮುಖ್ಯ ತಂತಿಯ) ರೀಡಿಂಗನ್ನೂ ಅದರ ಟೀಸಿಗಳ ರೀಡಿಂಗನ್ನೂ ಒಂದೇ ದಿನ ತೆಗೆದರೆ ಟೀಸಿವರೆಗಿನ ಸೋರಿಕೆ ಎಷ್ಟೆಂದು ಕಳೆಯುವ ಲೆಕ್ಕ ಬಂದವರಿಗೆಲ್ಲ ಗೊತ್ತಾಗುತ್ತದೆ. ಬಹುಶಃ ಅದಕ್ಕೇ ತೆಗೆಯುವುದಿಲ್ಲ.