ನಿಮ್ಮ ಲೇಖನದಲ್ಲಿ ದೊಡ್ಡಪ್ಪ ಇದ್ದಾರೆ, ಅಣು ಇಲ್ಲ

ನಮಸ್ಕಾರ.

ನೀವು ಕಳಿಸಿದ ‘ಮಲೆನಾಡು ಕಂಡ ಮಹಾನ್ ವಿಜ್ಞಾನಿ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ‘ವಿಷಾದಗಳೊಂದಿಗೆ’ ಅಂತ ಎರಡು ಸಾಲು ಬರೆದು ವಾಪಸ್ ಕಳಿಸಲೂ ಮನಸ್ಸಿಲ್ಲ. ವಿಷಯ ಬಹಳ ಚೆನ್ನಾಗಿದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಲೇಖನದಲ್ಲಿ ನನಗೆ ಸಿಕ್ಕಿದ್ದು ಇಷ್ಟು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದ ನಿಮ್ಮ ದೊಡ್ಡಪ್ಪ ಆಲ್ಕಲಾಯ್ಡ್ ಸಂಶ್ಲೇಷಣೆಯಲ್ಲಿ ಪಿಎಚ್‌ಡಿ ಮಾಡಿದರು. ಆಮೇಲೆ ವೈರಸ್ ವಿರುದ್ಧದ ಔಷಧಗಳ ಸಂಶೋಧನೆಗೆ ಹೋದರು. ಹೊರದೇಶದಲ್ಲೂ ದುಡಿದರು. ಈಗ ನಿವೃತ್ತರಾಗಿ ಊರಲ್ಲಿದ್ದಾರೆ. ಉಳಿದ ಜಾಗವೆಲ್ಲ ಪದವಿ, ಪ್ರಬಂಧಗಳ ಸಂಖ್ಯೆ, ಪೇಟೆಂಟ್‌ಗಳ ಸಂಖ್ಯೆ, ಸನ್ಮಾನ. ಇಡೀ ಬರಹದಲ್ಲಿ ಒಂದೇ ಒಂದು ಅಣುವಿನ ಹೆಸರಿಲ್ಲ. ಬೆಳಿಗ್ಗೆ ಲ್ಯಾಬ್‌ಗೆ ಹೋದ ಮನುಷ್ಯ ಸಂಜೆವರೆಗೆ ಅಲ್ಲಿ ಏನು ಮಾಡುತ್ತಿದ್ದರು ಅಂತ ಕೊನೆಗೂ ಗೊತ್ತಾಗಲಿಲ್ಲ.

ಆಲ್ಕಲಾಯ್ಡ್ ಅಂದರೇನು ಅನ್ನೋದನ್ನು ‘ಸಸ್ಯಗಳಲ್ಲಿ ದೊರೆಯುವ ಸಂಕೀರ್ಣ ಸಾವಯವ ಸಂಯುಕ್ತಗಳು’ ಎಂದು ಮುಗಿಸಿದ್ದೀರಿ. ಪಠ್ಯಪುಸ್ತಕದ ಸಾಲು ಅದು. ನಮ್ಮ ಓದುಗರು ಆಲ್ಕಲಾಯ್ಡನ್ನು ದಿನಾ ಬೆಳೆಯುತ್ತಾರೆ, ಕುಡಿಯುತ್ತಾರೆ, ಅಗಿಯುತ್ತಾರೆ. ಕಾಫಿಯ ಕೆಫೀನ್, ಕಾಳುಮೆಣಸಿನ ಪೈಪರಿನ್, ಅಡಿಕೆಯ ಅರೆಕೊಲಿನ್, ಎಲ್ಲವೂ ನೈಟ್ರೋಜನ್ ಸೇರಿರುವ ಸಸ್ಯದ ಅಣುಗಳೇ. ಕವಳಕ್ಕೆ ಸುಣ್ಣ ಹಚ್ಚುತ್ತೇವಲ್ಲ, ಆ ಸುಣ್ಣ ಅರೆಕೊಲಿನ್ನನ್ನು ಒಡೆದು ಅರೆಕೈಡಿನ್ ಮಾಡುತ್ತದೆ. ತೋಟದ ಮನೆಯಿಂದ ಹೋದ ಕೆಮಿಸ್ಟ್ ಬಗ್ಗೆ ಬರೆಯುವಾಗ ಇದನ್ನು ಬಿಡುವುದುಂಟೇ? ಆದರೆ ಇದೇ ನೆಪದಲ್ಲಿ ಅಡಿಕೆಯ ಗುಣಗಾನಕ್ಕೆ ಇಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ನಮ್ಮ ಜಿಲ್ಲೆಯಲ್ಲಿ ಅದನ್ನು ಬರೆದರೆ ಫೋನ್ ಬರುತ್ತವೆ. ಬರಲಿ, ನಾನು ಮಾತಾಡುತ್ತೇನೆ.

ಇನ್ನು ಸಂಶ್ಲೇಷಣೆ. ಗಿಡ ತನ್ನೊಳಗೆ ಕಟ್ಟಿಕೊಳ್ಳುವ ಅಣುವನ್ನು ಮನುಷ್ಯ ಗಾಜಿನ ಫ್ಲಾಸ್ಕಿನಲ್ಲಿ ಸಣ್ಣ ಸಣ್ಣ ತುಂಡುಗಳಿಂದ ಕಟ್ಟುವ ಕೆಲಸ. ಹೀಗೆ ಮೊದಲು ಕಟ್ಟಿದ ಆಲ್ಕಲಾಯ್ಡ್ ಹೆಮ್ಲಾಕ್ ಅನ್ನುವ ವಿಷದ ಗಿಡದ ಕೊನೀನ್. 1886ರಲ್ಲಿ ಜರ್ಮನಿಯ ಲಾಡೆನ್‌ಬರ್ಗ್ ಮಾಡಿದ್ದು. ನಮ್ಮವರಿಗೆ ಗೊತ್ತಿರುವ ಸರ್ಪಗಂಧದ ಬೇರಿನಲ್ಲಿರುವ ರೆಸರ್ಪಿನ್ ಅನ್ನು ಅಮೆರಿಕದ ವುಡ್‌ವರ್ಡ್ 1956ರಲ್ಲಿ ಕಟ್ಟಿದರು. ಇಂಥ ಕೆಲಸದ ಕಷ್ಟ ಓದುಗನಿಗೆ ತಟ್ಟಬೇಕಾದರೆ ‘ಅವಿರತ ಶ್ರಮ’ ಅಂದರೆ ಸಾಲದು, ಲೆಕ್ಕ ಹಾಕಿ ತೋರಿಸಿ. ಒಂದೊಂದು ಹಂತದಲ್ಲೂ ಶೇ 80ರಷ್ಟು ಸರಕು ಕೈಗೆ ಸಿಕ್ಕಿತು ಅಂದುಕೊಳ್ಳಿ. ಅದು ಒಳ್ಳೆಯ ಫಲಿತಾಂಶವೇ. 10 ಹಂತ ದಾಟುವಾಗ 100 ಪಾಲಿನಲ್ಲಿ 11 ಪಾಲೂ ಉಳಿದಿರುವುದಿಲ್ಲ. 20 ಹಂತ ದಾಟಿದರೆ ಉಳಿಯುವುದು ಒಂದು ಪಾಲು ಮತ್ತು ಒಂಚೂರು. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ತೂಕಕ್ಕೆ ಇಟ್ಟಾಗ ಮುಖ ಸಪ್ಪಗಾಗುತ್ತದಲ್ಲ, ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ನಷ್ಟ ಇದು. 19ನೇ ಹಂತದಲ್ಲಿ ಫ್ಲಾಸ್ಕ್ ಕೈಜಾರಿದರೆ ಮತ್ತೆ ಮೊದಲಿಂದ. ದೊಡ್ಡಪ್ಪನಿಗೆ ಹಾಗೆ ಎಂದಾದರೂ ಆಗಿತ್ತಾ? ಕೇಳಿದ್ದೀರಾ?

ಲ್ಯಾಬ್ ಕಣ್ಣಿಗೆ ಕಾಣಬೇಕು. ಟಿಎಲ್‌ಸಿ ಪ್ಲೇಟ್ (ಮಿಶ್ರಣದ ಅಣುಗಳನ್ನು ಬೇರ್ಪಡಿಸಿ ತೋರಿಸುವ ತಟ್ಟೆ) ಮೇಲೆ ಡ್ರಾಗೆಂಡಾರ್ಫ್ ದ್ರಾವಣ ಸಿಂಪಡಿಸಿದರೆ ಆಲ್ಕಲಾಯ್ಡ್ ಇರುವ ಕಡೆ ಕಿತ್ತಳೆ ಬಣ್ಣದ ಚುಕ್ಕೆ ಏಳುತ್ತದೆ. ಅಣುಗಳನ್ನು ಬೇರ್ಪಡಿಸಲು ಸಿಲಿಕಾ ಪುಡಿ ತುಂಬಿದ ಗಾಜಿನ ಕೊಳವೆ, ಅಂದರೆ ಕಾಲಂ, ಅದರ ಮುಂದೆ ಗಂಟೆಗಟ್ಟಲೆ ನಿಂತು ಒಂದೊಂದೇ ಟ್ಯೂಬ್ ಬದಲಿಸಬೇಕು. ನೀವು ಇದನ್ನು ನೋಡಿಲ್ಲವಾದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗಿ, ಕೆಮಿಸ್ಟ್ರಿ ಎಂಎಸ್ಸಿ ಹುಡುಗರನ್ನು ಕೇಳಿ. ‘ಕಾಲಂ ಹಾಕೋದು’ ಅಂದರೆ ಏನು ಅಂತ ಅವರು ಬೈದುಕೊಂಡೇ ತೋರಿಸುತ್ತಾರೆ.

ನನಗೆ ಜಾಸ್ತಿ ತಕರಾರು ಇರುವುದು ಈ ಸಾಲಿನ ಬಗ್ಗೆ: ‘ನಮ್ಮ ಕಾಡಿನ ಗಿಡಗಳಲ್ಲಿ ಎಲ್ಲ ವೈರಸ್‌ಗೂ ಮದ್ದಿದೆ ಎಂಬುದನ್ನು ಅವರು ಸಾಬೀತುಪಡಿಸಿದರು.’ ಇದು ಅವರು ಹೇಳಿದ ಮಾತೋ, ನೀವು ಸೇರಿಸಿದ್ದೋ? 20 ಹಂತದ ಕೆಲಸ ಮಾಡಿದ ಮನುಷ್ಯ ಹೀಗೆ ಮಾತಾಡುವುದು ಅನುಮಾನ. ಕಾಡಿನ ಗಿಡದಿಂದ ಔಷಧದವರೆಗಿನ ದಾರಿ ಹೇಗಿರುತ್ತದೆ ಅನ್ನೋದಕ್ಕೆ ನಮ್ಮ ಘಟ್ಟದ್ದೇ ಉದಾಹರಣೆ ಇದೆ. 1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಚೀನಾ ಮೂಲದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಅನ್ನುವ ಆಲ್ಕಲಾಯ್ಡ್ ತೆಗೆದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ಅಣು ನಮ್ಮ ಪಶ್ಚಿಮಘಟ್ಟದ ಗಬ್ಬುನಾತದ ಮರದಲ್ಲೂ ಇದೆ ಎಂದು ತೋರಿಸಿದರು. ಸಸ್ಯಶಾಸ್ತ್ರದಲ್ಲಿ ಆ ಮರದ ಹೆಸರು ನೊಥಪೊಡೈಟಿಸ್. ಅಣು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತಿತ್ತು, ಆದರೆ ನೀರಿನಲ್ಲಿ ಕರಗುತ್ತಿರಲಿಲ್ಲ. ಕರಗಲಿ ಅಂತ ಸೋಡಿಯಂ ಲವಣ ಮಾಡಿ ರೋಗಿಗಳಿಗೆ ಕೊಟ್ಟರು. ಮೂತ್ರಕೋಶಕ್ಕೆ ಪೆಟ್ಟಾಯಿತು. ಪ್ರಯೋಗ ನಿಂತುಹೋಯಿತು. ಎಷ್ಟೋ ವರ್ಷದ ಮೇಲೆ ಆ ಅಣು ಕೋಶದೊಳಗೆ ಯಾವ ಕಿಣ್ವವನ್ನು ಹಿಡಿಯುತ್ತದೆ ಅಂತ ತಿಳಿಯಿತು. ಆಗ ಕೆಮಿಸ್ಟ್‌ಗಳು ಅಣುವನ್ನು ಅಲ್ಲಲ್ಲಿ ತಿದ್ದಿ ಟೊಪೊಟೆಕಾನ್, ಇರಿನೊಟೆಕಾನ್ ಮಾಡಿದರು. ಅಮೆರಿಕದಲ್ಲಿ ಇವೆರಡಕ್ಕೂ ಅನುಮತಿ ಸಿಕ್ಕಿದ್ದು 1996ರಲ್ಲಿ. ಸುಳಿವು ಸಿಕ್ಕ 30 ವರ್ಷಕ್ಕೆ! ಅದೂ ಕ್ಯಾನ್ಸರ್‌ಗೆ, ವೈರಸ್‌ಗಲ್ಲ. ನಿಮ್ಮ ಒಂದು ಸಾಲು ಈ ಶ್ರಮವನ್ನೆಲ್ಲ ಒರೆಸಿ ಹಾಕುತ್ತದೆ. ಅದನ್ನು ಓದಿ ಯಾರೋ ಕಾಡಿಗೆ ಹೋಗಿ ತೊಗಟೆ ಕೆತ್ತಿ ಕಷಾಯ ಕುಡಿದರೆ ಏನು ಗತಿ?

ಈಗ ವೈರಸ್ ವಿಷಯಕ್ಕೆ ಬರುತ್ತೇನೆ. ‘ನಂತರ ಅವರು ವೈರಾಣು ನಿರೋಧಕ ಔಷಧಗಳತ್ತ ಹೊರಳಿದರು’ ಎಂದು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ನನ್ನ ಪ್ರಕಾರ ಲೇಖನ ಶುರುವಾಗಬೇಕಾದ್ದೇ ಅಲ್ಲಿ. ಗಿಡದ ಅಣು ಕಟ್ಟುವವನು ವೈರಸ್ ಕಡೆ ಯಾಕೆ ಹೋದ? ಹೊಟ್ಟೆಪಾಡಿಗೋ, ಕೆಲಸ ಕೊಟ್ಟ ಸಂಸ್ಥೆ ಹೇಳಿತೆಂದೋ, ಆಸೆಯಿಂದಲೋ? ಕೈಕಸುಬು ಹತ್ತಿರದ್ದೇ. ಇಲ್ಲೂ ನೈಟ್ರೋಜನ್ ಇರುವ ಉಂಗುರದಾಕಾರದ ಅಣುಗಳನ್ನೇ ಕಟ್ಟಬೇಕು. ಆದರೆ ಗುರಿ ಪೂರ್ತಿ ಬೇರೆ. ಗಿಡದ ಅಣುವಿಗೆ ಒಂದು ಸರಿಯಾದ ರೂಪ ಇದೆ, ಅಲ್ಲಿಗೆ ಮುಟ್ಟಿದರೆ ಕೆಲಸ ಮುಗಿಯಿತು. ವೈರಸ್ ಔಷಧದಲ್ಲಿ ಉತ್ತರ ಹೇಗಿರುತ್ತದೆ ಅಂತ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ.

ಬ್ಯಾಕ್ಟೀರಿಯಾಕ್ಕೆ ತನ್ನದೇ ಗೋಡೆ ಇದೆ, ಪೆನಿಸಿಲಿನ್ ಅದನ್ನು ಕಟ್ಟಲು ಬಿಡುವುದಿಲ್ಲ. ವೈರಸ್ ನಮ್ಮ ಕೋಶದೊಳಗೇ ಕೂತು ನಮ್ಮ ಸಲಕರಣೆಯನ್ನೇ ಬಳಸುತ್ತದೆ. ಅದಕ್ಕೆ ಹೊಡೆದರೆ ನಮಗೂ ಬೀಳುತ್ತದೆ. ಹಾಗಾಗಿ ಮೊದಲ ವೈರಸ್ ಔಷಧ ಐಡಾಕ್ಸಿಯುರಿಡಿನ್‌ಗೆ ಅನುಮತಿ ಸಿಕ್ಕಿದ್ದು 1963ರಲ್ಲಿ, ಅದೂ ಕಣ್ಣಿಗೆ ಹಾಕಲು ಮಾತ್ರ. ಜಾಣತನ ಏನು ಅನ್ನೋದನ್ನು ಓದುಗರಿಗೆ ತೋರಿಸಲು ಅಸೈಕ್ಲೊವಿರ್ ಸಾಕು. ಸರ್ಪಸುತ್ತು ಆದವರಿಗೆಲ್ಲ ಈ ಮಾತ್ರೆ ಗೊತ್ತು. ಅದು ನುಂಗಿದಾಗ ಏನೂ ಮಾಡದ ಅಣು. ಸೋಂಕು ತಗುಲಿದ ಕೋಶದಲ್ಲಿ ವೈರಸ್‌ನದೇ ಒಂದು ಕಿಣ್ವ ಅದಕ್ಕೆ ಫಾಸ್ಫೇಟ್ ಸಿಕ್ಕಿಸುತ್ತದೆ. ಆಮೇಲೆ ನಮ್ಮ ಕೋಶದ ಕಿಣ್ವಗಳು ಇನ್ನೆರಡು ಸೇರಿಸುತ್ತವೆ. ವೈರಸ್ ತನ್ನ ಡಿಎನ್ಎ ಹೆಣೆಯುವಾಗ ಇದನ್ನು ತನ್ನ ಸಾಮಾನು ಅಂದುಕೊಂಡು ಸೇರಿಸಿಕೊಳ್ಳುತ್ತದೆ. ಮುಂದಿನ ಕೊಂಡಿ ಹಾಕಲು ಜಾಗವೇ ಇಲ್ಲ, ಹೆಣಿಗೆ ಅಲ್ಲೇ ನಿಲ್ಲುತ್ತದೆ. ಆರೋಗ್ಯವಾಗಿರುವ ಕೋಶದಲ್ಲಿ ವೈರಸ್‌ನ ಆ ಕಿಣ್ವ ಇಲ್ಲ, ಹಾಗಾಗಿ ಅದಕ್ಕೆ ಹೆಚ್ಚುಕಮ್ಮಿ ತೊಂದರೆಯಿಲ್ಲ.

ಸೋಲನ್ನು ನೀವು ಮುಚ್ಚಿಟ್ಟಿದ್ದೀರಿ ಅನ್ನಿಸಿತು. ಇಷ್ಟು ಪೇಟೆಂಟ್ ಅಂತ ಬರೆದಿದ್ದೀರಿ, ಔಷಧದ ಅಂಗಡಿಗೆ ಬಂದದ್ದು ಯಾವುದು ಅಂತ ಬರೆದಿಲ್ಲ. ಬಹುಶಃ ಯಾವುದೂ ಬಂದಿಲ್ಲ. ಈ ವೃತ್ತಿಯಲ್ಲಿ ಅದು ಮಾಮೂಲು, ನಾಚಿಕೆಪಡುವ ವಿಷಯವಲ್ಲ. ಎಚ್‌ಐವಿಗೆ ಬಂದ ಮೊದಲ ಔಷಧ ಎಝಡ್‌ಟಿಯನ್ನು ಜೆರೋಮ್ ಹಾರ್ವಿಟ್ಜ್ 1964ರಲ್ಲಿ ತಯಾರಿಸಿದ್ದು ಕ್ಯಾನ್ಸರ್‌ಗೆ. ಇಲಿಗಳ ಮೇಲೆ ಕೆಲಸ ಮಾಡಲಿಲ್ಲ, ಮೂಲೆಗೆ ಬಿತ್ತು. 1987ರಲ್ಲಿ ಅದೇ ಅಣು ಎಚ್‌ಐವಿ ಔಷಧವಾಗಿ ಬಂತು. ದೊಡ್ಡಪ್ಪನ ಕೈಯಲ್ಲಿ ಮೂಲೆಗೆ ಬಿದ್ದ ಅಣುಗಳಲ್ಲಿ ಅವರಿಗೆ ಇವತ್ತೂ ಬೇಸರ ಇರುವಂಥದ್ದು ಯಾವುದು? ಅದರ ಕತೆ ಒಂದನ್ನೇ ಬರೆದರೂ ನನಗೆ ಸಾಕು. ಪ್ರಬಂಧಗಳ ಸಂಖ್ಯೆಗೆ ಅರ್ಧ ಸಾಲು ಕೊಡಿ.

ಕೊನೆಯ ಪ್ಯಾರಾ ತೆಗೆದಿದ್ದೇನೆ. ‘ಇವರ ಸಂಶೋಧನೆ ಮುಂದೊಂದು ದಿನ ಮಂಗನ ಕಾಯಿಲೆಗೂ ಮದ್ದು ತರಲಿ’ ಅನ್ನುವುದು ಭಾಷಣದ ಮಾತು. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇವತ್ತಿಗೂ ಅದಕ್ಕೆಂದೇ ಔಷಧ ಇಲ್ಲ. ಬೇಸಿಗೆ ಬಂದರೆ ಈ ಕಾಯಿಲೆ ಹರಡುವ ಉಣುಗಿನ ಭಯಕ್ಕೆ ಮೈಗೆ ಎಣ್ಣೆ ಹಚ್ಚಿಕೊಂಡು ದರಕು (ಒಣ ಎಲೆ) ತರಲು ಹೋಗುವ ಜನ ನಾವು. ಸಾಗರ ತಾಲ್ಲೂಕಿನ ಅರಳಗೋಡಿನ ಕಡೆಯವರು 2019ರಲ್ಲಿ ಈ ಕಾಯಿಲೆ ಹಬ್ಬಿದಾಗ ಏನು ಅನುಭವಿಸಿದರು ಅಂತ ಓದುಗರಿಗೆ ನೆನಪಿದೆ. ಅವರಿಗೆ ಹಾರೈಕೆಯಿಂದ ಏನಾಗಬೇಕು? ಆದರೆ ಇಲ್ಲಿ ದೊಡ್ಡಪ್ಪನಿಗೆ ಕೇಳಲೇಬೇಕಾದ ಪ್ರಶ್ನೆಯಿದೆ. ಮಂಗನ ಕಾಯಿಲೆಯ ವೈರಸ್ ಮತ್ತು ಹೆಪಟೈಟಿಸ್ ಸಿ ವೈರಸ್ ಒಂದೇ ಕುಟುಂಬಕ್ಕೆ ಸೇರಿದವು. ಹೆಪಟೈಟಿಸ್ ಸಿಗೆ 2013ರಲ್ಲಿ ಸೊಫೊಸ್‌ಬುವಿರ್ ಬಂತು. ಬೇರೆ ಔಷಧದ ಜೊತೆ ಕೆಲವು ವಾರ ತೆಗೆದುಕೊಂಡರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಮಂಗನ ಕಾಯಿಲೆಗೆ ಯಾಕೆ ಏನೂ ಬರಲಿಲ್ಲ? ರಸಾಯನಶಾಸ್ತ್ರ ಕಷ್ಟವೋ, ಕಾಯಿಲೆ ಬೀಳುವವರು ಕಡಿಮೆ ಮತ್ತು ಬಡವರು ಅಂತಲೋ? ಕಂಪನಿಗಳು ಹೇಗೆ ಲೆಕ್ಕ ಹಾಕುತ್ತವೆ ಅನ್ನೋದನ್ನು ಒಳಗಿದ್ದು ನೋಡಿದವರು ಅವರು. ಅವರು ಖಾರವಾಗಿ ಉತ್ತರ ಕೊಟ್ಟರೆ ಖಾರವಾಗಿಯೇ ಬರೆಯಿರಿ. ಮನೆಯವರು ಅನ್ನುವ ದಾಕ್ಷಿಣ್ಯಕ್ಕೆ ಮೆತ್ತಗೆ ಮಾಡಬೇಡಿ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಮಹಾನ್’, ‘ಅಪ್ರತಿಮ’, ‘ನಾಡಿನ ಹೆಮ್ಮೆ’ ಎಲ್ಲ ಹೊಡೆದು ಹಾಕಿದರೆ ಲೇಖನ ಒಂದು ಪುಟ ಇಳಿಯುತ್ತದೆ. ಆ ಜಾಗ ಬೇಕಾಗುತ್ತದೆ.

ಕೊಯ್ಲು ಶುರುವಾದರೆ ಅವರಿಗೂ ಪುರುಸೊತ್ತು ಇರುವುದಿಲ್ಲ, ನಿಮಗೂ ಇರುವುದಿಲ್ಲ. ಅದಕ್ಕೆ ಮೊದಲೇ ಒಂದು ಮಧ್ಯಾಹ್ನ ಅವರ ಜೊತೆ ಕೂತು ಮಾತಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬರೆದು ಕಳಿಸುವುದು ದೀಪಾವಳಿ ಕಳೆದ ಮೇಲಾದರೂ ನಡೆಯುತ್ತದೆ. 1500 ಪದ ಮೀರಬಾರದು. ಅಣುಗಳ ಹೆಸರನ್ನು ಅವರಿಂದಲೇ ಒಮ್ಮೆ ತಿದ್ದಿಸಿ, ನಮ್ಮ ಕಚೇರಿಯಲ್ಲಿ ಅದನ್ನು ನೋಡಲು ಯಾರೂ ಇಲ್ಲ. ಹಾರ ಹಾಕಿ ಶಾಲು ಹೊದಿಸಿದ ಫೋಟೊ ಬೇಡ. ಹಳೆಯ ಲ್ಯಾಬ್‌ನದು ಯಾವುದಾದರೂ ಇದ್ದರೆ ಕಳಿಸಿ, ಮಸುಕಾಗಿದ್ದರೂ ಪರವಾಗಿಲ್ಲ.