ಮಡಿಲಿಗೆ ಬೆಲ್ಟ್ ಇಲ್ಲ

ಕಾರಿನಲ್ಲಿ ಮಕ್ಕಳನ್ನು ಕೂರಿಸುವ ವಿಶೇಷ ಸೀಟಿನ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಹಿರಿಯ ಓದುಗರೊಬ್ಬರು ಮೂರು ಪುಟಗಳ ಪತ್ರ ಬರೆದಿದ್ದಾರೆ. ಅವರ ಒಂದೂವರೆ ವರ್ಷದ ಮೊಮ್ಮಗಳನ್ನು ಸೊಸೆ ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲಿ ಪಟ್ಟಿ ಬಿಗಿದು ಕೂರಿಸುತ್ತಾರೆ, ಮಗು ಅಳುತ್ತದೆ, ಅಜ್ಜಿಯ ಮಡಿಲಿಗೆ ಕೊಡು ಎಂದರೆ ಸೊಸೆ ಒಪ್ಪುವುದಿಲ್ಲ. ‘ನಾವು ಮೂವರು ಮಕ್ಕಳನ್ನು ಮಡಿಲಲ್ಲೇ ಇಟ್ಟುಕೊಂಡು ಓಡಾಡಿದೆವು, ಯಾರಿಗೂ ಏನೂ ಆಗಲಿಲ್ಲ. ಭಯ ಮಾರುವ ಕಂಪನಿಗಳಿಗೆ ನಿಮ್ಮ ಪತ್ರಿಕೆಯೂ ದನಿಗೂಡಿಸಬೇಕೆ?’ ಎಂಬುದು ಅವರ ಪ್ರಶ್ನೆ.

ಮಾನ್ಯರೇ, ಇಷ್ಟು ನೇರವಾಗಿ, ಇಷ್ಟು ಅಕ್ಕರೆಯಿಂದ ಬರೆದ ಪತ್ರ ನಮಗೆ ಬರುವುದು ಅಪರೂಪ. ಭಯವನ್ನು ಬಂಡವಾಳ ಮಾಡಿಕೊಳ್ಳುವ ವ್ಯಾಪಾರಿಗಳಿದ್ದಾರೆ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ದುಬಾರಿ ಸೀಟೇ ಹೆಚ್ಚು ಸುರಕ್ಷಿತ ಎಂದೇನೂ ಇಲ್ಲ. ಆದರೆ ನಿಮ್ಮ ಪತ್ರದ ಉಳಿದ ಭಾಗವನ್ನು ಒಪ್ಪಲು ನನ್ನಿಂದಾಗದು. ಅದಕ್ಕೆ ಕಾರಣ ಯಾವ ಕಂಪನಿಯೂ ಅಲ್ಲ, ನನ್ನ ಮಗನ ಹುಬ್ಬಿನ ಮೇಲಿರುವ ಗಾಯದ ಗುರುತು.

ಅವನಿಗಾಗ ಎರಡು ವರ್ಷ. ಕಾರು ನಡೆಸುತ್ತಿದ್ದವಳು ನನ್ನ ಹೆಂಡತಿ. ಪಕ್ಕದ ಸೀಟಿನಲ್ಲಿ ಮಗನನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈಗಳಿಂದ ಬಳಸಿ ಹಿಡಿದು ನಾನು ಕುಳಿತಿದ್ದೆ. ವೇಗ ಗಂಟೆಗೆ 30 ಕಿಲೋಮೀಟರ್ ದಾಟಿರಲಿಲ್ಲ. ನಾಯಿಯೊಂದು ಅಡ್ಡ ಬಂದಾಗ ಅವಳು ಬ್ರೇಕ್ ಒತ್ತಿದಳು, ಅಷ್ಟೇ. ಕಾರು ಯಾವುದಕ್ಕೂ ತಾಗಲಿಲ್ಲ, ನಾಯಿಗೂ ಏನಾಗಲಿಲ್ಲ. ಮಗ ಮಾತ್ರ ನನ್ನ ಹಿಡಿತದಿಂದ ಜಾರಿ ಡ್ಯಾಶ್‌ಬೋರ್ಡಿಗೆ ಬಡಿದಿದ್ದ. ನಾಲ್ಕು ಹೊಲಿಗೆಗಳು ಬಿದ್ದವು. ಹಿಡಿತ ಸಡಿಲವಾಗಿತ್ತೇನೋ ಎಂದು ಬಹುಕಾಲ ನನ್ನನ್ನೇ ದೂಷಿಸಿಕೊಂಡೆ. ಆಮೇಲೆ ಓದುತ್ತಾ ಹೋದಾಗ ತಿಳಿಯಿತು, ಅದು ತೋಳಿನ ಬಲಕ್ಕೆ ಸಂಬಂಧಿಸಿದ ವಿಷಯವೇ ಅಲ್ಲ.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಗೋಡೆಗೆ ಗುದ್ದಿ, ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆಂದು ಭಾವಿಸಿ. ಆ ಗಳಿಗೆಯಲ್ಲಿ 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು 140 ಕಿಲೋ ಭಾರವನ್ನು ತಡೆಯುವಷ್ಟು ಬಲ ಬೇಕು. ಆ ವೇಗದಲ್ಲಿ ಬಡಿಯುವುದೆಂದರೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದು ನೆಲಕ್ಕೆ ಬಡಿದಂತೆ. ಅಜ್ಜಿಯೂ ಬೆಲ್ಟ್ ಹಾಕಿರದಿದ್ದರೆ ಅವರ ದೇಹದ ಭಾರವೆಲ್ಲ ಮಗುವಿನ ಮೇಲೆಯೇ ಎರಗುತ್ತದೆ. ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕಿದರೆ ಆ ಬೆಲ್ಟಿಗೂ ಅಜ್ಜಿಗೂ ನಡುವೆ ಮಗು ನಜ್ಜುಗುಜ್ಜಾಗುತ್ತದೆ. ಪ್ರೀತಿಯಲ್ಲಿ ಕೊರತೆ ಇದೆ ಎಂದು ಯಾರೂ ಹೇಳುತ್ತಿಲ್ಲ. ಮಡಿಲಿಗೆ ಬೆಲ್ಟ್ ಇಲ್ಲ, ಅಷ್ಟೇ.

ಇನ್ನು ಹಿಂದಕ್ಕೆ ಮುಖ ಮಾಡಿಸುವ ವಿಚಾರ. ಇದು ನಿಮಗೆ ವಿಚಿತ್ರವೆನಿಸಿದೆ. ನನಗಾದರೋ ಈ ಇಡೀ ವಿಷಯದಲ್ಲಿ ಅತ್ಯಂತ ಸುಂದರವಾದ ಯೋಚನೆ ಇದೇ. ಎಳೆಗೂಸಿನ ತಲೆ ಅದರ ಉದ್ದದ ಕಾಲುಭಾಗದಷ್ಟಿರುತ್ತದೆ, ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕೂತಿದ್ದರೆ ಪಟ್ಟಿ ಎದೆಯನ್ನು ಹಿಡಿದು ನಿಲ್ಲಿಸುತ್ತದೆ, ತಲೆ ಮಾತ್ರ ಮುಂದಕ್ಕೆ ಎಸೆಯಲ್ಪಡುತ್ತದೆ, ಎಳೆತವೆಲ್ಲ ಆ ಎಳೆಯ ಕತ್ತಿನ ಮೇಲೆ ಬೀಳುತ್ತದೆ. ಹಿಂದಕ್ಕೆ ಮುಖ ಮಾಡಿದ್ದರೆ ಸೀಟಿನ ಬೆನ್ನು ತಲೆ, ಕತ್ತು, ಬೆನ್ನು ಮೂರನ್ನೂ ಒಟ್ಟಿಗೆ ಆತುಕೊಳ್ಳುತ್ತದೆ. ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್ ಅವರಿಗೆ ಇದು ಹೊಳೆದದ್ದು ಜೆಮಿನಿ ಎಂಬ ಬಾಹ್ಯಾಕಾಶ ನೌಕೆಯ ಗಗನಯಾತ್ರಿಗಳು ಮೇಲೇರುವಾಗ ಬೆನ್ನನ್ನು ಆಸನಕ್ಕೆ ಒತ್ತಿ ಒರಗುವ ಬಗೆಯನ್ನು ಕಂಡಾಗ. 1964ರಲ್ಲಿ ಅಂಥ ಮೊದಲ ಸೀಟಿನ ಮಾದರಿಯ ಪರೀಕ್ಷೆ ನಡೆಯಿತು. ಆ ದೇಶದಲ್ಲಿ ಮಕ್ಕಳನ್ನು ಸುಮಾರು ನಾಲ್ಕು ವರ್ಷದವರೆಗೂ ಹೀಗೆಯೇ ಕೂರಿಸುವ ರೂಢಿಯಿದೆ. ನಿಮ್ಮ ಮೊಮ್ಮಗಳಿಗಿನ್ನೂ ಒಂದೂವರೆ ವರ್ಷ. ಸೊಸೆಯವರು ಮಾಡುತ್ತಿರುವುದು ನೂರಕ್ಕೆ ನೂರು ಸರಿ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ನಾವು ದೊಡ್ಡವರು ಯಾವಾಗಲೂ ನಮ್ಮನ್ನು ಮೊದಲು ಕಾಪಾಡಿಕೊಂಡು, ಮಕ್ಕಳ ವಿಚಾರವನ್ನು ಆಮೇಲಕ್ಕೆ ಇಟ್ಟೆವಲ್ಲ, ಅದರ ಮೇಲೆ. ಇಂದು ಎಲ್ಲ ಕಾರುಗಳಲ್ಲೂ ಇರುವ ಮೂರು ಬಿಂದುಗಳ ಸೀಟ್ ಬೆಲ್ಟನ್ನು ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೇಲೆ ಅದು 1959ರಲ್ಲೇ ಕಾರುಗಳಿಗೆ ಬಂತು. ಬೆಲ್ಟ್ ಧರಿಸುವುದನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1970ರಲ್ಲಿ ಕಡ್ಡಾಯ ಮಾಡಿತು. ಮಕ್ಕಳ ಸೀಟನ್ನು ಕಡ್ಡಾಯಗೊಳಿಸಿದ ಅಮೆರಿಕದ ಮೊದಲ ಕಾನೂನು ಟೆನೆಸಿಯಲ್ಲಿ ಜಾರಿಯಾಗಲು 1978ರವರೆಗೆ ಕಾಯಬೇಕಾಯಿತು. ಅದೂ ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ಪಟ್ಟುಹಿಡಿದು ಶಾಸಕರ ಬೆನ್ನು ಬಿದ್ದದ್ದರಿಂದ. ಆ ಕಾನೂನಿಗೂ ಶಾಸಕರು ಒಂದು ವಿನಾಯಿತಿ ಸೇರಿಸಿದ್ದರು: ದೊಡ್ಡವರು ಮಗುವನ್ನು ತೋಳಿನಲ್ಲಿ ಹಿಡಿದಿದ್ದರೆ ಸೀಟು ಬೇಡ. ನೋಡಿ, ನಿಮ್ಮ ವಾದವೇ ಅಂದು ಅಲ್ಲಿ ಗೆದ್ದಿತ್ತು. ಆ ವಿನಾಯಿತಿಯನ್ನು ತೆಗೆಸಲು ಸ್ಯಾಂಡರ್ಸ್ 1981ರವರೆಗೂ ಹೋರಾಡಬೇಕಾಯಿತು. ಇಂದಿಗೂ 5ರಿಂದ 29 ವರ್ಷದೊಳಗಿನವರ ಸಾವಿಗೆ ರಸ್ತೆ ಅಪಘಾತಗಳೇ ಮೊದಲ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವು ಹಣೆಬರಹ ಎಂದು ನಿಟ್ಟುಸಿರುಬಿಟ್ಟು ಸುಮ್ಮನಾಗುತ್ತೇವೆ.

ಮೂವರಿಗೂ ಏನೂ ಆಗಲಿಲ್ಲ ಎಂಬುದು ನಿಮ್ಮ ಭಾಗ್ಯ, ಅದಕ್ಕಾಗಿ ಮನಸಾರೆ ಸಂತೋಷಪಡುತ್ತೇನೆ. ಮಗು ಅಳುತ್ತದೆ, ನಿಜ. ಲಸಿಕೆ ಹಾಕಿಸುವಾಗಲೂ ಅತ್ತಿರುತ್ತದೆ. ಅಂದು ಕೈಕಾಲು ಅಲುಗದಂತೆ ಹಿಡಿದವರು ಬಹುಶಃ ನೀವೇ.

ಮುಂದಿನ ಪ್ರಯಾಣದ ಹೊತ್ತಿಗೆ ಹೀಗೆ ಮಾಡಿ. ಸೀಟು ಹಿಂಬದಿಯಲ್ಲೇ ಇರಲಿ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಆಸನಕ್ಕೆ ಹಿಂದಕ್ಕೆ ಮುಖ ಮಾಡಿದ ಸೀಟನ್ನು ಎಂದೂ ತರಬೇಡಿ, ಏಕೆಂದರೆ ಏರ್‌ಬ್ಯಾಗ್ ಸಿಡಿದು ನೇರ ಮಗುವಿನ ತಲೆಯ ಹಿಂದಿರುವ ಸೀಟಿನ ಬೆನ್ನಿಗೇ ಅಪ್ಪಳಿಸುತ್ತದೆ. ದಪ್ಪ ಸ್ವೆಟರ್ ತೆಗೆದು ಪಟ್ಟಿ ಬಿಗಿಯಿರಿ, ಭುಜದ ಬಳಿ ಪಟ್ಟಿಯನ್ನು ಬೆರಳುಗಳಲ್ಲಿ ಹಿಡಿದು ಮಡಿಚಲು ಬರಬಾರದು. ಅಜ್ಜಿ ತಮ್ಮ ಬೆಲ್ಟ್ ಹಾಕಿಕೊಂಡು ಪಕ್ಕದಲ್ಲೇ ಕೂರಲಿ. ಮೊಮ್ಮಗಳಿಗೆ ಅಜ್ಜಿಯ ಮುಖ ಕಾಣುತ್ತದೆ, ಹಿಡಿದುಕೊಳ್ಳಲು ಬೆರಳೂ ಸಿಗುತ್ತದೆ. ಸೊಸೆಯವರಿಗೆ ನನ್ನ ನಮಸ್ಕಾರ ತಿಳಿಸಿ.

– ಸಂಪಾದಕ