ಗಾರ್ಡನ್ ಲೈಟಿಂಗ್ ಕೆಲಸ ಶುರು ಮಾಡುವ ಮುಂಚೆ ಸ್ಟಾಕ್ ತರಬೇಡಿ

ಅಕ್ಕ, ನಿಮ್ಮ ಪ್ರಶ್ನೆ ಓದಿದೆ. ಸಕಲೇಶಪುರದ ಹತ್ತಿರ ನರ್ಸರಿ ಇದೆ, ತಮ್ಮ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದಾನೆ, ಸುತ್ತಲಿನ ಹೋಂಸ್ಟೇಗಳಿಗೆ ಗಾರ್ಡನ್ ಲೈಟಿಂಗ್ ಮಾಡಿಕೊಡೋಣ ಅಂತಿದ್ದೀರಿ. ಎರಡು ಲಕ್ಷ ಕೈಯಲ್ಲಿದೆ, ಯಾವ ಲೈಟು ತಂದಿಡಬೇಕು ಅಂತ ಕೇಳಿದ್ದೀರಿ. ಹಾಸನ, ಚಿಕ್ಕಮಗಳೂರು ಕಡೆ ಒಂಬತ್ತು ವರ್ಷದಿಂದ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ದಯವಿಟ್ಟು ಸ್ಟಾಕ್ ತರಬೇಡಿ. ಒಂದು ತೋಟಕ್ಕೆ ಬೇಕಾದ ಲೈಟು ಇನ್ನೊಂದಕ್ಕೆ ಆಗುವುದಿಲ್ಲ. ಗಿರಾಕಿ ಅಡ್ವಾನ್ಸ್ ಕೊಟ್ಟ ಮೇಲೆ ಎಲೆಕ್ಟ್ರಿಕಲ್ ಅಂಗಡಿಗಳಿರುವ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋಗಿ ತಂದರೆ ಸಾಕು.

ಈಗ ಬೇಕಾಗಿರುವುದು ತೋರಿಸುವುದಕ್ಕೆ ಒಂದು ಸೆಟ್ ಮಾತ್ರ. 12 ವೋಲ್ಟಿನ, 5 ವ್ಯಾಟಿನ, ನೆಲಕ್ಕೆ ಚುಚ್ಚುವ ಆರು ಸ್ಪೈಕ್ ಲೈಟು ತೆಗೆದುಕೊಳ್ಳಿ. ಎರಡು 15 ಡಿಗ್ರಿ ಬೀಮಿನವು (ಕಿರಿದಾದ ಬೆಳಕು), ಉಳಿದವು 36 ಡಿಗ್ರಿ (ಅಗಲ ಹರಡುವ ಬೆಳಕು). ಜೊತೆಗೆ 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, ಯುಪಿಎಸ್ ಒಳಗೆ ಇರುತ್ತಲ್ಲ, ಅದೇ. ಎರಡು ಗಂಟೆ ಆರಾಮಾಗಿ ಉರಿಯುತ್ತದೆ. ಸಂಜೆ ಆರೂವರೆಗೆ ಹೋಂಸ್ಟೇ ಮನೆಯವರನ್ನು ಅವರ ಜಗುಲಿಯಲ್ಲಿ ಕೂರಿಸಿ. ಕತ್ತಲಾಗುತ್ತಿದ್ದಂತೆ ಸಂಪಿಗೆ ಮರದ ಬುಡದಿಂದ ಒಂದಡಿ ದೂರ ಲೈಟು ಚುಚ್ಚಿ, ಕಾಂಡದ ಮೇಲೆ ಸವರಿಕೊಂಡು ಹೋಗುವ ಹಾಗೆ ಮೇಲೆ ತಿರುಗಿಸಿ. ದಿನಾ ನೋಡಿದ ಮರದ ತೊಗಟೆಯ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಮನೆಯವರು ಮಾತು ನಿಲ್ಲಿಸಿ ನೋಡುತ್ತಾರೆ. ನನಗೆ ಸಿಕ್ಕ ಕೆಲಸಗಳಲ್ಲಿ ಹೆಚ್ಚಿನವು ಹೀಗೇ ಸಿಕ್ಕಿದ್ದು. ಹಾಗೇ ಅತಿಥಿಗಳು ಕೂರುವ ಕುರ್ಚಿಯಲ್ಲಿ ನೀವೂ ಒಮ್ಮೆ ಕೂತು ನೋಡಿ. ಬಲ್ಬು ಕಣ್ಣಿಗೆ ಹೊಡೆಯುತ್ತಿದ್ದರೆ ಜಾಗ ತಪ್ಪಾಗಿದೆ. ಬೆಳಕು ಕಾಣಬೇಕು, ಲೈಟು ಕಾಣಬಾರದು.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂತಿರುವುದು. ಈ ಕೆಲಸದಲ್ಲಿ ಲಾಭ ಉಳಿಯುವುದೂ ಹೋಗುವುದೂ ಮಣ್ಣಿನ ಕೆಳಗಿನ ಜಾಯಿಂಟಲ್ಲಿ. ಮೂಡಿಗೆರೆ ಕಡೆ ನನ್ನ ಮೊದಲ ದೊಡ್ಡ ಕೆಲಸ, 22 ಲೈಟು. ಜಾಯಿಂಟಿಗೆಲ್ಲ ಇನ್ಸುಲೇಷನ್ ಟೇಪು ಸುತ್ತಿ ಮುಚ್ಚಿದ್ದೆ. ಜೂನ್ ಮಳೆ ಹಿಡಿಯಿತು, ಜುಲೈಗೆ ಅರ್ಧ ಲೈಟು ಮಂಕಾದವು. ಅಗೆದು ನೋಡಿದರೆ ಟೇಪಿನ ಒಳಗೆ ನೀರು. ತಾಮ್ರಕ್ಕೆ ಹಸಿರು ಕಿಲುಬು ಹಿಡಿದು, ಪ್ಲಸ್ ತಂತಿ ಉಗುರಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ಡಿಸಿ ಕರೆಂಟು ನೀರಲ್ಲಿದ್ದರೆ ಪ್ಲಸ್ ಕಡೆಯನ್ನೇ ಮೊದಲು ತಿನ್ನುತ್ತದೆ. ಆ ಮಳೆಗಾಲ ನಾಲ್ಕು ಸಲ ಓಡಾಡಿದೆ, ಸಿಕ್ಕಿದ್ದೆಲ್ಲ ಅದಕ್ಕೇ ಹೋಯಿತು. ಆಮೇಲಿಂದ ಜೆಲ್ ತುಂಬಿದ ಕನೆಕ್ಟರ್, ಇಲ್ಲಾಂದರೆ ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಮಾತ್ರ. ಆದಷ್ಟೂ ಜಾಯಿಂಟನ್ನು ನೆಲದ ಮೇಲಿನ ಬಾಕ್ಸಿಗೆ ತನ್ನಿ. ವೈರನ್ನು ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಿನಲ್ಲಿ ಹಾಕಿ, ಕನಿಷ್ಠ ಒಂದೂವರೆ ಅಡಿ ಆಳದಲ್ಲಿ. ಮಾಲಿಯ ಗುದ್ದಲಿ ಅಲ್ಲಿಗೆ ಹೋಗಬಾರದು. ವೈರ್ ಹೋದ ದಾರಿಯ ನಕ್ಷೆ ಬರೆದು ಒಂದು ಪ್ರತಿ ಮನೆಯವರಿಗೆ ಕೊಡಿ.

ವೈರಿನ ದಪ್ಪದಲ್ಲೂ ಚೌಕಾಸಿ ಬೇಡ. ತಮ್ಮನಿಗೆ ಈ ಲೆಕ್ಕ ತೋರಿಸಿ. 30 ಮೀಟರ್ ದೂರದಲ್ಲಿ 60 ವ್ಯಾಟ್ ಲೋಡ್, 12 ವೋಲ್ಟ್, ಅಂದರೆ 5 ಆಂಪಿಯರ್. ಹೋಗಿ ಬರುವುದು ಸೇರಿ 60 ಮೀಟರ್ ವೈರು. 1.5 ಸ್ಕ್ವೇರ್ ಎಂಎಂ ತಾಮ್ರದಲ್ಲಿ ದಾರಿಯಲ್ಲೇ ಸುಮಾರು 3.6 ವೋಲ್ಟ್ ಬಿದ್ದುಹೋಗುತ್ತದೆ. ಕೊನೆಯ ಲೈಟಿಗೆ ಸಿಗುವುದು ಎಂಟೂ ಚಿಲ್ಲರೆ. 4 ಸ್ಕ್ವೇರ್ ಹಾಕಿದರೆ ಬೀಳುವುದು 1.4 ವೋಲ್ಟ್ ಅಷ್ಟೇ. ಕಾಫಿ ತೋಟದ ಹೋಂಸ್ಟೇಗಳಲ್ಲಿ ಗೇಟಿಂದ ಮನೆಗೇ ನೂರಾರು ಮೀಟರ್ ಇರುತ್ತದೆ, ಅಂಥ ಕಡೆ 24 ವೋಲ್ಟ್ ಸಿಸ್ಟಮ್‌ಗೇ ಹೋಗಿ. ಎಸ್‌ಎಂಪಿಎಸ್ (230 ವೋಲ್ಟನ್ನು 12 ಅಥವಾ 24ಕ್ಕೆ ಇಳಿಸುವ ಪೆಟ್ಟಿಗೆ) 100 ವ್ಯಾಟಿನದಾದರೆ 80ಕ್ಕಿಂತ ಜಾಸ್ತಿ ಲೋಡ್ ಹಾಕಬೇಡಿ. 230 ವೋಲ್ಟ್ ಕಡೆಗೆ, ಕರೆಂಟು ಸೋರಿದರೆ ತಾನೇ ಕಡಿತ ಮಾಡುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಇರಲೇಬೇಕು. ಏಪ್ರಿಲ್, ಮೇ ಗುಡುಗು ಸಿಡಿಲಿಗೆ ಸರ್ಜ್ ಪ್ರೊಟೆಕ್ಟರೂ ಬೇಕು.

ಲೈಟು ಕೊಳ್ಳುವಾಗ ಐಪಿ ಸಂಖ್ಯೆ ನೋಡಿ, ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುತ್ತದೆ. ಮರದ ಬುಡಕ್ಕೆ ಐಪಿ65 ನಡೆಯುತ್ತದೆ, ನೀರು ನಿಲ್ಲುವ ಜಾಗಕ್ಕೆ ಐಪಿ67, ಕೊಳದೊಳಕ್ಕೆ ಐಪಿ68. ಸೋಲಾರ್ ಲೈಟನ್ನು ಮಲೆನಾಡಿನ ಮಳೆಗಾಲಕ್ಕೆ ನಂಬಿಕೊಳ್ಳಬೇಡಿ, ಮೋಡದಲ್ಲಿ ಸರಿಯಾಗಿ ಚಾರ್ಜ್ ಆಗುವುದಿಲ್ಲ. ತೆಂಗಿನ ಮರದ ನೇರ ಕೆಳಗೆ ಲೈಟು ಇಡಬೇಡಿ, ಒಂದು ಮಟ್ಟೆ ಬಿದ್ದರೆ ಸಾಕು. ಮರಕ್ಕೆ ಲೈಟು ಕಟ್ಟುವುದಾದರೆ ಪಟ್ಟಿ ಸಡಿಲ ಬಿಡಿ, ವರ್ಷಕ್ಕೊಮ್ಮೆ ಇನ್ನಷ್ಟು ಸಡಿಲಿಸಿ. ಇದೆಲ್ಲ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ಯಾವ ಗಿಡ ಎರಡು ವರ್ಷದಲ್ಲಿ ಎಷ್ಟು ಹರಡುತ್ತದೆ ಅಂತ ಬರೀ ಎಲೆಕ್ಟ್ರಿಷಿಯನ್‌ಗೆ ಗೊತ್ತಿರುವುದಿಲ್ಲ. ಅವನಿಟ್ಟ ಲೈಟು ಪೊದೆಯೊಳಗೆ ಮುಳುಗಿಹೋಗುತ್ತದೆ. ನಿಮ್ಮ ನರ್ಸರಿಯ ದೊಡ್ಡ ಬಲ ಇದೇ.

ಬೆಳಕಿನ ಬಣ್ಣ 2700ರಿಂದ 3000 ಕೆಲ್ವಿನ್ ಒಳಗಿರಲಿ, ಅಂದರೆ ಹಳದಿ ಛಾಯೆ. ಬಿಳಿ ಲೈಟಿಗೆ ಹುಳ ಜಾಸ್ತಿ ಬರುತ್ತವೆ. ಇನ್ನೊಂದು ಮಾತು, ಇದು ವ್ಯಾಪಾರಕ್ಕೆ ಸಂಬಂಧವಿಲ್ಲ ಅನ್ನಿಸಬಹುದು. ಮಳೆಗೆ ಮುಂಚೆ, ಮೇ-ಜೂನಲ್ಲಿ ನಮ್ಮ ಕಡೆ ಮಿಂಚುಹುಳ ತುಂಬಿಕೊಳ್ಳುತ್ತವೆ ಅಲ್ವಾ? ಅವು ಜೊತೆ ಹುಡುಕುವುದೇ ಮಿನುಗಿನಿಂದ. ನಮ್ಮ ಬೆಳಕು ಜೋರಾದರೆ ಒಂದಕ್ಕೊಂದು ಕಾಣುವುದಿಲ್ಲ. ಹಳ್ಳದ ಪಕ್ಕ, ಕಾಡಂಚಿನಲ್ಲಿ ನಾನು ಲೈಟೇ ಹಾಕುವುದಿಲ್ಲ. ಉಳಿದದ್ದಕ್ಕೆ ಟೈಮರ್ ಇಟ್ಟು ಹತ್ತೂವರೆಗೆ ಆರಿಸುತ್ತೇನೆ. ಕಾರಣ ಹೇಳಿದರೆ ಹೋಂಸ್ಟೇಯವರು ಖುಷಿಯಿಂದ ಒಪ್ಪುತ್ತಾರೆ, ಅತಿಥಿಗಳಿಗೆ ಮಿಂಚುಹುಳ ತೋರಿಸುತ್ತಾರೆ.

ಕಾಗದಪತ್ರ ಜಾಸ್ತಿ ಇಲ್ಲ. ರಾಜ್ಯ ವಿದ್ಯುತ್ ಪರಿವೀಕ್ಷಣಾಲಯದಿಂದ ತಮ್ಮನಿಗೆ ವೈರ್‌ಮನ್ ಪರ್ಮಿಟ್ ಮಾಡಿಸಿ. ಅಲ್ಲಿಯವರೆಗೆ 230 ವೋಲ್ಟ್ ಕೆಲಸವನ್ನು ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೈಲಿ ಮಾಡಿಸಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಪುಕ್ಕಟೆ. ಸೇವೆಗೆ ಜಿಎಸ್‌ಟಿ ಮಿತಿ ವರ್ಷದ ವಹಿವಾಟು 20 ಲಕ್ಷ.

ರೇಟನ್ನು ಲೈಟಿಗೆ ಇಷ್ಟು ಅಂತ ಹೇಳಬೇಡಿ. ಗಿರಾಕಿ ಆನ್‌ಲೈನ್ ಬೆಲೆ ತೋರಿಸುತ್ತಾರೆ, ವೈರು, ಪೈಪು, ಅಗೆತ ಎಲ್ಲ ನಿಮ್ಮ ತಲೆ ಮೇಲೆ ಬರುತ್ತದೆ. ಇಡೀ ಕೆಲಸಕ್ಕೆ ಒಂದು ಮೊತ್ತ ಹೇಳಿ, ಸಾಮಾನಿನ ಪೂರ್ತಿ ದುಡ್ಡು ಮೊದಲೇ ತೆಗೆದುಕೊಳ್ಳಿ. ಮಳೆಗೆ ಮುಂಚೆ ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ ಬಂದು ಗಾಜಿನ ಪಾಚಿ ಒರೆಸಿ, ಜಾಯಿಂಟ್ ನೋಡುವುದಕ್ಕೆ ವರ್ಷದ ಒಪ್ಪಂದ ಮಾಡಿಕೊಳ್ಳಿ. ನನ್ನ ಮನೆ ಖರ್ಚು ಈಗ ಆ ಒಪ್ಪಂದಗಳಿಂದಲೇ ನಡೆಯುತ್ತಿದೆ.

ಮೊದಲ ಕೆಲಸ ನಿಮ್ಮ ನರ್ಸರಿಯಲ್ಲೇ ಆಗಲಿ. ಹತ್ತು ಲೈಟು ಹಾಕಿ, ಒಂದು ಮಳೆಗಾಲ ಅದರ ಮೇಲೆ ಹೋಗಲಿ. ಅಕ್ಟೋಬರಿನಲ್ಲಿ ಎರಡು ಜಾಯಿಂಟ್ ಅಗೆದು ಬಿಚ್ಚಿ ನೋಡಿ, ಫೋಟೋ ಇಲ್ಲೇ ಹಾಕಿ. ತಾಮ್ರ ಕೆಂಪಗೆ ಇದ್ದರೆ ಹೊರಗಿನ ಕೆಲಸ ಹಿಡಿಯಬಹುದು.